ಅಕ್ಷರ ಎಲ್ಲಾ ಬರುತ್ತೆ, ಓದಿದ್ದು ಅಜ್ಜಿಗೆ ಅರ್ಥ ಆಗ್ತಿಲ್ಲ

ತಿಪಟೂರಿನವಳು, ಎಡಿಸನ್, ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ. ಎರಡು ವರ್ಷದಿಂದ ಶನಿವಾರದ ಕನ್ನಡ ಕ್ಲಾಸಿಗೆ ಹೋಗ್ತಿದ್ದಾಳೆ. ಕಾಗುಣಿತ, ಒತ್ತಕ್ಷರ ಎಲ್ಲಾ ಗುರುತಿಸ್ತಾಳೆ. ಆದ್ರೆ ಓದೋಕೆ ಕೂತ್ರೆ ಪದಕ್ಕೊಂದು ಫುಲ್‌ಸ್ಟಾಪ್. ಮೊನ್ನೆ ವಿಡಿಯೋ ಕಾಲಲ್ಲಿ ನಮ್ಮಮ್ಮನಿಗೆ ಓದಿ ತೋರಿಸಿದ್ಲು. ಪುಸ್ತಕದಲ್ಲಿದ್ದದ್ದು "ಅಕ್ಕ ಹಳೆ ಹಾಳೆಗೆ ಬಣ್ಣ ಹಚ್ಚಿದಳಾ?" ಇವಳು ಓದಿದ್ದು "ಅಕ. ಹಾಲೆ. ಹಾಲೆಗೆ. ಬಣ. ಹಚಿದಳ." ಅಮ್ಮ ಪಾಪ, "ನೆಟ್‌ವರ್ಕ್ ಸರಿ ಇಲ್ಲ ಕಣೇ" ಅಂದ್ರು. ಏನು ಓದಿದೆ ಪುಟ್ಟಿ ಅಂದ್ರೆ ಅವಳಿಗೂ ಗೊತ್ತಿಲ್ಲ. ಅದೇ ಊಟಕ್ಕೆ ಕೂತಾಗ "ಅಮ್ಮಾ, ಇವತ್ತೂ ಬೇಳೆ ಸಾರಾ?" ಅಂತ ಮುಖ ಸಿಂಡರಿಸಿ ಅಚ್ಚುಕಟ್ಟಾಗಿ ಕೇಳ್ತಾಳೆ. ಮಾತಲ್ಲಿರೋ ರಾಗ ಓದೋವಾಗ ಎಲ್ಲಿ ಹೋಗುತ್ತೆ? ಏನು ಮಾಡ್ಲಿ?

ಹ್ಯೂಸ್ಟನ್, 1994ರಿಂದ:
ತಂಗೀ, ಬೇಜಾರ್ ಮಾಡ್ಕೋಬೇಡ, ನೇರವಾಗಿ ಹೇಳ್ತೀನಿ. ಮನೇಲಿ ಇಂಗ್ಲಿಷು, ಕಾರಲ್ಲಿ ಇಂಗ್ಲಿಷು, ವಾರಕ್ಕೆ ಒಂದೂವರೆ ಗಂಟೆ ಕ್ಲಾಸಿಗೆ ದಬ್ಬಿದ್ರೆ ಕನ್ನಡ ಬಂದ್ಬಿಡುತ್ತಾ? ನಮ್ಮನೇಲಿ ಹೊಸಿಲು ದಾಟಿ ಒಳಗೆ ಬಂದ್ರೆ ಕನ್ನಡ, ಅಷ್ಟೇ. ನನ್ನ ಮಗ ತನ್ನ ಮದುವೇಲಿ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿದ. ಬೀಗರು ಬಾಯಿ ಬಿಟ್ಕೊಂಡು ನೋಡ್ತಿದ್ರು.

ತಿಪಟೂರಿನವಳು:
ಸಾರ್, ಮನೇಲಿ ನಾವು ಮಾತಾಡೋದು ಕನ್ನಡಾನೇ. ನನ್ನ ಪ್ರಶ್ನೆ ಓದಿನ ಬಗ್ಗೆ.

ಹ್ಯೂಸ್ಟನ್, 1994ರಿಂದ:
ಎಲ್ಲರೂ ಹಾಗೇ ಹೇಳೋದು.

ಮೈಸೂರು ಟು ಲೀಡ್ಸ್:
ನಾನು ಸ್ಪೀಚ್ ಥೆರಪಿಸ್ಟ್, ಸ್ವಲ್ಪ ಉದ್ದ ಬರೀತೀನಿ. ಮಗು ಭಾಷೇಲಿ ಮೊದಲು ಹಿಡಿಯೋದೇ ರಾಗ. ಹೊಟ್ಟೆಯೊಳಗಿರುವಾಗ ತಾಯಿ ಮಾತಿನ ಏರಿಳಿತ ಕೇಳಿಸುತ್ತೆ, ವ್ಯಂಜನಗಳು ಮಸುಕು. 2009ರಲ್ಲಿ ಜರ್ಮನಿಯ ಕ್ಯಾಥ್ಲೀನ್ ವೆರ್ಮ್ಕೆ ಅವರ ತಂಡ ಹುಟ್ಟಿ ವಾರವೂ ಆಗದ ಕೂಸುಗಳ ಅಳು ರೆಕಾರ್ಡ್ ಮಾಡಿ ನೋಡಿತ್ತು. ಫ್ರೆಂಚ್ ಕೂಸಿನ ಅಳು ಏರುದನಿಯ ಕಡೆಗೆ, ಜರ್ಮನ್ ಕೂಸಿನದು ಇಳಿದನಿಯ ಕಡೆಗೆ. ನಿಮ್ಮ ಮಗಳ ಹತ್ರ ಕನ್ನಡದ ರಾಗ ಇದೆ, ಬೇಳೆ ಸಾರಿನ ಪ್ರಶ್ನೇಲೇ ಗೊತ್ತಾಗುತ್ತೆ. ಆದ್ರೆ ಪುಟದ ಮೇಲೆ ರಾಗ ಅಚ್ಚಾಗಿರಲ್ಲ, ಓದೋರೇ ಅದನ್ನ ತುಂಬಿಕೊಳ್ಳಬೇಕು. ಗಮನ ಎಲ್ಲಾ ಅಕ್ಷರ ಬಿಡಿಸೋದಕ್ಕೇ ಖರ್ಚಾದ್ರೆ ರಾಗಕ್ಕೂ ಅರ್ಥಕ್ಕೂ ಏನೂ ಉಳಿಯಲ್ಲ.

ಇನ್ನೊಂದು: ಶಾಲೇಲಿ ಅವಳು ಕಲಿತಿರೋ ಇಂಗ್ಲಿಷಲ್ಲಿ ‘ಹ್ಯಾಪಿ’ ಅನ್ನೋಕೆ ಎರಡು ‘ಪಿ’ ಬರೀತಾರೆ, ಕೇಳೋದು ಒಂದೇ. ಅದೇ ಕಣ್ಣಲ್ಲಿ ‘ಅಕ್ಕ’ ನೋಡಿದ್ರೆ ‘ಅಕ’ ಆಗದೆ ಏನಾಗುತ್ತೆ! ಹೀಗೆ ಮಾಡಿ. ಸೀಸದ ಕಡ್ಡೀಲಿ ಪದಗಳ ಗುಂಪಿನ ಕೆಳಗೆ ಜೋಕಾಲಿ ಥರ ಗೆರೆ ಎಳೀರಿ: ಅಕ್ಕ, ಹಳೆ ಹಾಳೆಗೆ, ಬಣ್ಣ ಹಚ್ಚಿದಳಾ. ಮೊದಲು ನೀವು ಓದಿ, ಅವಳು ಬೆರಳಿಟ್ಟುಕೊಂಡು ಹಿಂದೆಯೇ ಓದಲಿ. ಅದೇ ನಾಲ್ಕು ಸಾಲು, ದಿನಾ ಮೂರ್ನಾಲ್ಕು ಸಲ, ಹೊಸ ಪಾಠ ಬೇಡ. ಅಮೆರಿಕದ ಸ್ಯಾಮ್ಯುಯೆಲ್ಸ್ 1979ರಲ್ಲೇ ಈ ಮತ್ತೆ ಮತ್ತೆ ಓದಿಸೋ ಕ್ರಮದ ಬಗ್ಗೆ ಬರೆದಿದ್ರು.

ಎಸ್ಪೋ, ಫಿನ್‌ಲ್ಯಾಂಡ್:
ಮೇಡಂ ಹೇಳಿದ್ದು ಸರಿ. ಇಲ್ಲಿ ಫಿನ್ನಿಶ್‌ನಲ್ಲಿ ‘ತುಲಿ’ ಅಂದ್ರೆ ಬೆಂಕಿ, ‘ತೂಲಿ’ ಗಾಳಿ, ‘ತುಲ್ಲಿ’ ಕಸ್ಟಮ್ಸು. ಬರೆದಷ್ಟೂ ಉಚ್ಚರಿಸ್ತಾರೆ. ನನ್ನ ಮಗನಿಗೆ ಬೆಳೆ, ಬೇಳೆ, ಬೆಳ್ಳಿ ಒಂದು ದಿನಾನೂ ತೊಡಕಾಗಲಿಲ್ಲ. ಚಪ್ಪಾಳೆ ಆಟ ಆಡಿಸಿ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು.

ಮಂಡ್ಯ, ಈಗ ಸಿಂಗಪುರ:
ಇದು ನಮ್ಮ ಛಂದಸ್ಸಿನ ಲಘು ಗುರುನೇ ಅಲ್ವಾ? ಹೈಸ್ಕೂಲಲ್ಲಿ ಪ್ರಸ್ತಾರ ಹಾಕೋಕೆ ಬರದೆ ಮೇಷ್ಟ್ರ ಹತ್ರ ಕಿವಿ ಹಿಂಡಿಸ್ಕೊಂಡಿದ್ದೆ. ಭಾಮಿನಿ ಷಟ್ಪದೀಲಿ ಮೂರು ನಾಲ್ಕು, ಮೂರು ನಾಲ್ಕು ಅಂತ ಮಾತ್ರೆ ನಡೆಯೋದು ಈಗ ಕೇಳಿದ್ರೆ ಮೈ ಜುಂ ಅನ್ನುತ್ತೆ. ಕಾವ್ಯಾನ ರಾಗವಾಗಿ ಓದೋ ಶಿವಮೊಗ್ಗದ ಹೊಸಹಳ್ಳಿ ಗಮಕಿಗಳನ್ನ ಕೇಳಿಸಿ ಮಗೂಗೆ. ನನ್ನ ಮಕ್ಕಳಿಗೆ ನಾನು ಕೇಳಿಸಲಿಲ್ಲ. ಇಬ್ಬರೂ ಕಾಲೇಜು ಮುಗಿಸಿದ್ರು, ಇನ್ನೆಲ್ಲಿ.

ಧಾರವಾಡದಾಂವ, ಮೆಲ್ಬರ್ನ್:
ರಾಗ ರಾಗ ಅನ್ನಾಕತ್ತೀರಿ, ಯಾರ ರಾಗಾರೀ? ನಮ್ಮ ಹುಡುಗ "ಎಲ್ಲಿ ಹೊಂಟೀ?" ಅಂದ್ರ ಇಲ್ಲಿ ಕ್ಲಾಸಿನ ಟೀಚರು "ಹಾಗಲ್ಲ, ಎಲ್ಲಿಗೆ ಹೋಗ್ತಿದ್ದೀಯಾ" ಅಂತ ತಿದ್ದತಾರ. ಮನ್ಯಾಗ ಕೇಳಿದ್ದು ಒಂದು, ಪುಸ್ತಕದಾಗ ಇನ್ನೊಂದು. ಹುಡುಗ ಓದೂದರೊಳಗ ಬಿಕ್ಕಸತಾನ.

ಹ್ಯೂಸ್ಟನ್, 1994ರಿಂದ:
ಗ್ರಂಥಭಾಷೆ ಅಂತ ಒಂದಿದೆ ಸ್ವಾಮಿ. ಅದಕ್ಕೂ ಊರಿನ ಬಣ್ಣ ಬಳೀಬೇಡಿ.

ಧಾರವಾಡದಾಂವ:
ಆ ಗ್ರಂಥಭಾಷೆ ಮೈಸೂರ ಮಾತಿನಂಗ ಯಾಕ ಕೇಳಸ್ತದ, ಅದನ್ನಷ್ಟ ಹೇಳ್ರಿ ಸಾಹೇಬ್ರ.

(ಇಲ್ಲಿಂದ 41 ಉತ್ತರಗಳು ಯಾವ ಊರಿನ ಕನ್ನಡ ಅನ್ನೋ ಜಗಳ: ಧಾರವಾಡ, ಮೈಸೂರು, ನಡುವೆ ಕುಂದಾಪುರ)

ತಿಪಟೂರಿನವಳು:
ಲೀಡ್ಸ್ ಮೇಡಂ, ಥ್ಯಾಂಕ್ಸ್. ಗೆರೆ ಎಳೆದು ಓದಿಸ್ದೆ. ಮೂರನೇ ಸಲಕ್ಕೆ "ಹಚ್ಚಿದಳಾ?" ಅಂತ ದನಿ ಎತ್ತಿ, ತಾನೇ ನಿಲ್ಲಿಸಿ, "ಓ, ಇದು ಕೇಳ್ತಿರೋದಾ!" ಅಂದ್ಲು. ‘ಹಳೆ’ ಇನ್ನೂ ‘ಹಾಲೆ’ನೇ. ಒಂದು ಅನುಮಾನ: ಓದೋವಾಗ ಕೆಲವು ಪದದಲ್ಲಿ ‘ಳ’ ಹೋಗಿ ‘ಲ’ ಆಗೋದಕ್ಕೂ ಚಪ್ಪಾಳೆ ಸಾಕಾ, ಬೇರೆ ಏನಾದ್ರೂ ಮಾಡ್ಬೇಕಾ?

ಹ್ಯೂಸ್ಟನ್, 1994ರಿಂದ:
ಮೊದಲು ಮನೇಲಿ ಕನ್ನಡ ಮಾತಾಡಿ.