ಅಪ್‌ಡೇಟ್: ಗಂಡು ಇಲಿಗಳ ಜಗಳ, ಎರಡು ತಿಂಗಳ ನಂತರ

ನನ್ನ ಎಂಟು ತಿಂಗಳ ಸಾಕು ಇಲಿ ಕರಿಯ ತನ್ನ ಜೊತೆಗಾರ ಗುಂಡನ ಬೆನ್ನನ್ನು ರಕ್ತ ಬರುವಂತೆ ಕಚ್ಚಿದ್ದಾನೆ, ಏನು ಮಾಡಲಿ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಇಬ್ಬರನ್ನೂ ಕೂಡಲೇ ಬೇರೆ ಪಂಜರಗಳಲ್ಲಿರಿಸಿ, ಕರಿಯನ ಬೀಜ ತೆಗೆಸಿ ಎಂದು ನಿಮ್ಮಲ್ಲಿ ಹಲವರು ಹೇಳಿದ್ದಿರಿ, ಹಾಗೆಯೇ ಮಾಡಿದೆ.

ಮೊದಲು ಹೋದ ಕ್ಲಿನಿಕ್‌ನಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ವಾಂತಿಯಾಗದಿರಲೆಂದು ಹಿಂದಿನ ರಾತ್ರಿಯಿಂದ ಉಪವಾಸವಿರಿಸಲು ಹೇಳಿದರು. ಇಲಿಗಳಿಗೆ ವಾಂತಿಯಾಗುವುದೇ ಇಲ್ಲ, ಅವುಗಳಿಗೆ ದೀರ್ಘ ಉಪವಾಸ ಅಪಾಯಕಾರಿ ಎಂದು ತಿಳಿದಿದ್ದರಿಂದ, ಸಣ್ಣ ಪ್ರಾಣಿಗಳ ಚಿಕಿತ್ಸೆಯಲ್ಲಿ ಅನುಭವವಿರುವ ಬೇರೆ ವೈದ್ಯರನ್ನು ಹುಡುಕಿದೆ. ಆ ಒಂದು ವಾರದ ಅಲೆದಾಟ ವ್ಯರ್ಥವಾಗಲಿಲ್ಲ. ಅವರು ಮಾಡಿದ ಶಸ್ತ್ರಚಿಕಿತ್ಸೆಯ ಗಾಯ ಬೇಗ ಮಾಯಿತು. ಆದರೆ ಜಗಳಗಂಟಿತನ ಹೆಚ್ಚಿಸುವ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್‌ನ ಪ್ರಭಾವ ಶಸ್ತ್ರಚಿಕಿತ್ಸೆಯಾದ ಮರುದಿನವೇ ಇಳಿಯುವುದಿಲ್ಲವಾದ್ದರಿಂದ, ಆರು ವಾರ ಕಾದು, ಅಷ್ಟರಲ್ಲಿ ಇಬ್ಬರ ಹಾಸುಬಟ್ಟೆಗಳನ್ನು ಅದಲುಬದಲು ಮಾಡುತ್ತಾ ಪರಸ್ಪರರ ವಾಸನೆಗೆ ಒಗ್ಗಿಸಿದೆ.

ಕಳೆದ ಭಾನುವಾರ ಇಬ್ಬರಿಗೂ ಹೊಸದಾದ ಜಾಗವೆಂದು ಬಚ್ಚಲುಮನೆಯ ಒಣ ನೆಲದ ಮೇಲೆ ಬಿಟ್ಟೆ. ಕರಿಯನ ಬೆನ್ನಿನ ರೋಮ ತೆಂಗಿನ ನಾರಿನಂತೆ ನಿಮಿರಿತು, ಮೈಯನ್ನು ಅಡ್ಡ ತಿರುಗಿಸಿ ಗುಂಡನನ್ನು ಒತ್ತತೊಡಗಿದ. ನಾನು ದಪ್ಪ ಟವೆಲ್ ಹಿಡಿದು ಕುಳಿತಿದ್ದೆ, ಬರಿಗೈ ಹಾಕಬಾರದೆಂಬ ನಿಮ್ಮ ಎಚ್ಚರಿಕೆ ನೆನಪಿತ್ತು. ಗುಂಡ ಅಂಗಾತ ಮಲಗಿ ಕೀಚಲುಗುಟ್ಟಿದ. ಸ್ವಲ್ಪ ಹೊತ್ತಿನಲ್ಲೇ ಕರಿಯನ ರೋಮ ಇಳಿಯಿತು, ಅವನು ಗುಂಡನ ಕುತ್ತಿಗೆ ನೆಕ್ಕತೊಡಗಿದಾಗ ನನಗೆ ಕಣ್ಣೀರು ಬಂತು.

ಈಗ ಪಂಜರವನ್ನು ಪೂರ್ತಿ ತೊಳೆದು, ಒಳಗಿನ ಜೋಡಣೆ ಬದಲಿಸಿ ಇಬ್ಬರನ್ನೂ ಒಟ್ಟಿಗೆ ಬಿಟ್ಟಿದ್ದೇನೆ. ಊಟದ ಹೊತ್ತಿನಲ್ಲಿ ತಳ್ಳಾಟ ಇನ್ನೂ ಇರುವುದರಿಂದ ಬಟ್ಟಲುಗಳು ಮಾತ್ರ ಎರಡು.