ಊಟ, ಸಿನಿಮಾ, ನಾಟಕದ ಖರ್ಚಿಗೆ ಯಾವ ಕ್ರೆಡಿಟ್ ಕಾರ್ಡ್? ಬಳಸಿದವರ ಅನುಭವ

ಕೇಳಿದವರು, ಬಸವನಗುಡಿಯಿಂದ

ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅಡುಗೆ ಮನೆಯಲ್ಲೇ ಆಗುತ್ತದೆ, ಆದರೂ ಹೊರಗಿನ ಖರ್ಚು ಕಡಿಮೆಯೇನಿಲ್ಲ. ಮೂರು ತಿಂಗಳು ಬರೆದಿಟ್ಟು ಸರಾಸರಿ ತೆಗೆದೆ. ದರ್ಶಿನಿಯ ತಿಂಡಿ, ಕಾಫಿಗೆ 2,500 ರೂಪಾಯಿ, ಕುಳಿತು ಉಣ್ಣುವ ರೆಸ್ಟೋರೆಂಟುಗಳಿಗೆ 4,500, ಮನೆಗೆ ತರಿಸುವ ಊಟಕ್ಕೆ 3,000, ಸಿನಿಮಾ ಮತ್ತು ನಾಟಕಕ್ಕೆ 1,500, ಒಟಿಟಿ ಚಂದಾಕ್ಕೆ 500. ಒಟ್ಟು ತಿಂಗಳಿಗೆ 12,000. ಎಲ್ಲವೂ ಡೆಬಿಟ್ ಕಾರ್ಡ್ ಅಥವಾ ಯುಪಿಐ ಮೂಲಕ ಹೋಗುತ್ತಿದೆ, ತಿರುಗಿ ಬರುವುದು ಏನೂ ಇಲ್ಲ. ಮಾಲ್‌ನಲ್ಲಿ ಮೇಜು ಹಾಕಿಕೊಂಡು ನಿಂತ ಹುಡುಗ ಒಂದು ಹೇಳುತ್ತಾನೆ, ಬ್ಯಾಂಕಿನಿಂದ ಬರುವ ಫೋನು ಇನ್ನೊಂದು ಹೇಳುತ್ತದೆ. ಸ್ವತಃ ಬಳಸಿದವರ ಮಾತು ಕೇಳಬೇಕೆನಿಸಿದೆ. ಒಂದು ಕಾರ್ಡ್ ಸಾಕೇ, ಎರಡು ಬೇಕೇ? ಕ್ರೆಡಿಟ್ ಕಾರ್ಡ್ ಇದುವರೆಗೆ ಇಟ್ಟುಕೊಂಡವರಲ್ಲ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಹೇಳಿ.

ಮಲ್ಲೇಶ್ವರದಿಂದ

ಖರ್ಚನ್ನು ಬಿಡಿಸಿ ಬರೆದಿದ್ದೀರಿ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ‘ಊಟದ ಖರ್ಚು’ ಎಂಬ ಒಂದೇ ಬಾಬತ್ತು ಕಾರ್ಡುಗಳ ಲೋಕದಲ್ಲಿ ಇಲ್ಲ. ತರಿಸಿಕೊಂಡ ಊಟ ಬೇರೆ, ಹೋಗಿ ಉಂಡದ್ದು ಬೇರೆ, ಕ್ಯುಆರ್ ಕೋಡ್ ತೋರಿಸಿ ಕುಡಿದ ಕಾಫಿ ಬೇರೆ. ಮೂರಕ್ಕೂ ಮೂರು ಲೆಕ್ಕ.

ನಾನು ಮೊದಲು ತೆಗೆದುಕೊಂಡದ್ದು ಎಚ್‌ಡಿಎಫ್‌ಸಿ ಬ್ಯಾಂಕಿನ ಸ್ವಿಗ್ಗಿ ಕಾರ್ಡ್. 2023ರಲ್ಲಿ ಬಂದದ್ದು. ನಾನು ತೆಗೆದುಕೊಂಡಾಗಿನ ನಿಯಮದಂತೆ ಸ್ವಿಗ್ಗಿಯಲ್ಲಿ ಮಾಡಿದ ಖರ್ಚಿಗೆ 10% ವಾಪಸು, ತಿಂಗಳಿಗೆ ಗರಿಷ್ಠ 1,500 ರೂಪಾಯಿ. ವಾರ್ಷಿಕ ಶುಲ್ಕ 500. ನಿಮ್ಮ 3,000 ರೂಪಾಯಿಯ ಊಟ ಪೂರ್ತಿ ಅಲ್ಲಿಂದಲೇ ಬರುವುದಾದರೆ ತಿಂಗಳಿಗೆ 300, ವರ್ಷಕ್ಕೆ 3,600. ಶುಲ್ಕಕ್ಕೆ 18% ಜಿಎಸ್‌ಟಿ ಸೇರಿಸಿ 590 ಕಳೆದರೆ 3,010 ಉಳಿಯುತ್ತದೆ. ಆದರೆ ನೀವು ಒಂದು ದಿನ ಸ್ವಿಗ್ಗಿ, ಇನ್ನೊಂದು ದಿನ ಜೊಮ್ಯಾಟೊ ಎನ್ನುವವರಾದರೆ ಈ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ನನಗೆ ಆದದ್ದೂ ಅದೇ. ಕಾರ್ಡ್ ಇದೆ ಎಂಬ ಕಾರಣಕ್ಕೆ ಒಂದೇ ಆ್ಯಪಿನಲ್ಲಿ ತರಿಸತೊಡಗಿದೆ. ಇನ್ನೊಂದರಲ್ಲಿ ಅದೇ ಬಿಸಿಬೇಳೆಬಾತ್ 40 ರೂಪಾಯಿ ಕಡಿಮೆಗೆ ಸಿಗುತ್ತಿದ್ದರೂ ಅತ್ತ ನೋಡಲಿಲ್ಲ.

ಎರಡನೆಯದು ಎಚ್‌ಎಸ್‌ಬಿಸಿಯ ಲೈವ್ ಪ್ಲಸ್. ಹೋಟೆಲ್ ಊಟ, ತರಿಸುವ ಊಟ, ದಿನಸಿ ಮೂರಕ್ಕೂ 10%, ಆದರೆ ಎಲ್ಲ ಸೇರಿ ತಿಂಗಳಿಗೆ 1,000 ರೂಪಾಯಿಯ ಮಿತಿ. ವಾರ್ಷಿಕ ಶುಲ್ಕ 999. ಇದೂ ನಾನು ಪಡೆದಾಗಿನ ನಿಯಮ. ನಿಮ್ಮ 4,500 ಮತ್ತು 3,000 ಸೇರಿ 7,500ಕ್ಕೆ ತಿಂಗಳಿಗೆ 750, ವರ್ಷಕ್ಕೆ 9,000. ತೆರಿಗೆ ಸೇರಿ ಶುಲ್ಕ 1,179 ಕಳೆಯಿರಿ. 7,821 ಉಳಿಯಬೇಕು. ಕಾಗದದ ಮೇಲೆ. ನನಗೆ ಮೊದಲ ವರ್ಷ ಅಷ್ಟು ಬರಲಿಲ್ಲ, ಕೆಲವು ಬಿಲ್ಲುಗಳು ‘ಊಟ’ ಎಂದು ಎಣಿಕೆಯಾಗಲೇ ಇಲ್ಲ. ಅದರ ಕಾರಣ ತಿಳಿದವರು ಯಾರಾದರೂ ಹೇಳಿಯಾರು.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ‘ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಶುಲ್ಕ ಮನ್ನಾ’ ಎನ್ನುತ್ತಾರೆ. ನಿಮ್ಮ ಖರ್ಚು 1.44 ಲಕ್ಷ. 1,179 ರೂಪಾಯಿ ಉಳಿಸಲು ಬೇಡದ 56,000 ರೂಪಾಯಿಯ ಸಾಮಾನು ಕೊಂಡರೆ ಮೂಗಿಗಿಂತ ಮೂಗುತಿ ಭಾರವಾದಂತೆ. ನನ್ನ ತಂಗಿ ವರ್ಷದ ಕೊನೆಯ ತಿಂಗಳಲ್ಲಿ ಹಾಗೆಯೇ ಒಂದು ಮಿಕ್ಸರ್ ಕೊಂಡಳು. ಹಳೆಯದು ಚೆನ್ನಾಗಿಯೇ ಇತ್ತು.

ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಹನ್ನೊಂದು ವರ್ಷ ಇದ್ದವರಿಂದ

ಮಲ್ಲೇಶ್ವರದವರು ಕೇಳಿದ ಕಾರಣ ನನಗೆ ಗೊತ್ತು. ಪ್ರತಿ ಅಂಗಡಿಗೂ ಕಾರ್ಡ್ ಯಂತ್ರ ಕೊಡುವಾಗ ನಾಲ್ಕಂಕಿಯ ಒಂದು ವರ್ಗ ಸಂಖ್ಯೆ ಕೊಡುತ್ತಾರೆ. ರೆಸ್ಟೋರೆಂಟಿಗೆ 5812, ಫಾಸ್ಟ್‌ಫುಡ್‌ಗೆ 5814, ಬೇಕರಿಗೆ 5462, ಸಿನಿಮಾ ಮಂದಿರಕ್ಕೆ 7832, ತಂಗುವ ಹೋಟೆಲಿಗೆ 7011. ನೀವು ಏನು ತಿಂದಿರಿ ಎಂಬುದು ಬ್ಯಾಂಕಿಗೆ ಕಾಣುವುದಿಲ್ಲ; ಆ ಸಂಖ್ಯೆ ಮಾತ್ರ ಕಾಣುತ್ತದೆ. ‘ಡೈನಿಂಗ್‌ಗೆ 10%’ ಎಂದರೆ ಇಂತಿಂಥ ಸಂಖ್ಯೆಯ ಯಂತ್ರದಲ್ಲಿ ಉಜ್ಜಿದ ಹಣಕ್ಕೆ 10% ಎಂದು ಅರ್ಥ.

ಕನ್ನಡದಲ್ಲಿ ಇಡ್ಲಿ ಸಿಗುವ ಕಡೆಗೆಲ್ಲ ‘ಹೋಟೆಲ್’ ಎನ್ನುತ್ತೇವೆ. ಕಾರ್ಡ್ ಜಾಲಕ್ಕೆ ಹೋಟೆಲ್ ಎಂದರೆ ಹಾಸಿಗೆ ಕೊಡುವ ಜಾಗ. ಈ ವ್ಯತ್ಯಾಸಕ್ಕೆ ನಾನೇ ದುಡ್ಡು ತೆತ್ತಿದ್ದೇನೆ. ತಂದೆ ತಾಯಿಯ ಮದುವೆಯ ನಲವತ್ತನೆಯ ವರ್ಷಕ್ಕೆ ಒಂದು ತಾರಾ ಹೋಟೆಲಿನ ಒಳಗಿನ ರೆಸ್ಟೋರೆಂಟಿಗೆ ಕರೆದುಕೊಂಡು ಹೋದೆ. ಬಿಲ್ಲು 9,400 ರೂಪಾಯಿ. ಆ ರೆಸ್ಟೋರೆಂಟಿಗೆ ಪ್ರತ್ಯೇಕ ಯಂತ್ರವಿರಲಿಲ್ಲ, ಹಣ 7011ರಲ್ಲಿ ಹೋಯಿತು. ಊಟದ ಲಾಭ ಒಂದು ರೂಪಾಯಿಯೂ ಬರಲಿಲ್ಲ. ಕ್ಲಬ್ಬಿನೊಳಗಿನ ಊಟ, ಮದುವೆಗೆ ಅಡುಗೆ ಮಾಡುವ ಕೇಟರಿಂಗ್‌ನವರಿಗೆ ಕೊಟ್ಟ ಮುಂಗಡ, ಸಿಹಿತಿಂಡಿ ಅಂಗಡಿಯ ಹಿಂಬದಿಯ ಚಾಟ್ ಕೌಂಟರ್ ಎಲ್ಲವೂ ಹೀಗೆ ಕೈ ಕೊಡಬಹುದು.

ಹಾಗಾಗಿ ಕಾರ್ಡ್ ಬಂದ ಮೊದಲ ತಿಂಗಳು ನೀವು ಹೆಚ್ಚು ಹೋಗುವ ನಾಲ್ಕೈದು ಕಡೆ ಸಣ್ಣ ಬಿಲ್ಲನ್ನು ಅದರಲ್ಲಿ ಕೊಟ್ಟು ನೋಡಿ. ಸ್ಟೇಟ್‌ಮೆಂಟ್ ಬಂದಾಗ ಯಾವುದಕ್ಕೆ ವಾಪಸು ಬಂದಿದೆ, ಯಾವುದಕ್ಕೆ ಇಲ್ಲ ಎಂದು ಗುರುತು ಹಾಕಿಕೊಳ್ಳಿ. ಈ ಪಟ್ಟಿಯನ್ನು ಯಾವ ಬ್ಯಾಂಕೂ ನಿಮಗೆ ಕೊಡುವುದಿಲ್ಲ.

ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದೆಯೇ ಎಂದೂ ನೋಡಿ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಅದನ್ನು ಕಡ್ಡಾಯವಾಗಿ ಸೇರಿಸಬಾರದು ಎಂದಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. 10% ಸೇವಾ ಶುಲ್ಕವನ್ನು ಸುಮ್ಮನೆ ಕೊಟ್ಟು ಕಾರ್ಡಿನಿಂದ 10% ವಾಪಸು ಪಡೆದರೆ ಕೈಗೆ ಬಂದದ್ದೇನು? ತೆಗೆಯಿರಿ ಎಂದು ಸೌಜನ್ಯದಿಂದ ಕೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಮೈಸೂರಿನಿಂದ

ಎಲ್ಲರೂ 10% ಬಗ್ಗೆ ಮಾತಾಡುತ್ತಿದ್ದಾರೆ. ನಾನು 45%ದ ಬಗ್ಗೆ ಹೇಳುತ್ತೇನೆ.

ತಿಂಗಳಿಗೆ 3.75% ಬಡ್ಡಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ವರ್ಷಕ್ಕೆ 45%. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕ್ರೆಡಿಟ್ ಕಾರ್ಡ್ ಬಡ್ಡಿಗೆ ಇದ್ದ 30%ದ ಮಿತಿಯ ಆದೇಶವನ್ನು ರದ್ದುಮಾಡಿತು, ಹಾಗಾಗಿ ಆ ಆಸರೆಯೂ ಇಲ್ಲ. ನನ್ನ ಮಗನಿಗೆ ಹೊಸದಾಗಿ ಕೆಲಸ ಸಿಕ್ಕಾಗ ಊಟ ಸಿನಿಮಾಕ್ಕೆಂದೇ ಕಾರ್ಡ್ ಮಾಡಿಸಿದ. ಒಂದು ತಿಂಗಳು ‘ಕನಿಷ್ಠ ಪಾವತಿ’ ಎಂದು ಬರೆದಿದ್ದಷ್ಟನ್ನೇ ಕಟ್ಟಿದ. ಉಳಿದ 40,000ಕ್ಕೆ ಒಂದು ತಿಂಗಳ ಬಡ್ಡಿ 1,500, ಅದರ ಮೇಲೆ 18% ಜಿಎಸ್‌ಟಿ 270. ಸಾಲದ್ದಕ್ಕೆ, ಬಾಕಿ ಇರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಮರುದಿನ ಕುಡಿದ ಕಾಫಿಗೂ ಅಂದಿನಿಂದಲೇ ಬಡ್ಡಿ. ಐದಾರು ತಿಂಗಳಲ್ಲಿ ಕಾರ್ಡಿನ ಖರ್ಚಿಗೆಂದು ಅವನು ಗಳಿಸಿದ್ದ ಅಂಕಗಳೆಲ್ಲ (ರಿವಾರ್ಡ್ ಪಾಯಿಂಟುಗಳು) ಆ ಒಂದು ತಿಂಗಳಲ್ಲಿ ಹೋದವು. ನನಗೆ ಹೇಳದೆ ಒಂದು ವರ್ಷ ಹೀಗೇ ಎಳೆದಿದ್ದ ಎಂಬುದು ನನ್ನನ್ನು ಹೆಚ್ಚು ನೋಯಿಸಿತು.

ಮೊದಲ ಕಾರ್ಡ್ ಎಂದಿರಿ, ಅದಕ್ಕೇ ಇಷ್ಟು ಬರೆದೆ. ಕಾರ್ಡ್ ಕೈಗೆ ಬಂದ ದಿನವೇ ಪೂರ್ತಿ ಮೊತ್ತ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಮಾಡಿಸಿ. ‘ಕನಿಷ್ಠ’ ಅಲ್ಲ, ‘ಪೂರ್ತಿ’.

ರಾಜಾಜಿನಗರದಿಂದ

ನಮ್ಮ ಮನೆಯಲ್ಲಿ ವಾರಕ್ಕೊಂದು ಸಿನಿಮಾ ಇರಲೇಬೇಕು. ಹೊಸ ನಿರ್ದೇಶಕರ ಕನ್ನಡ ಚಿತ್ರಗಳನ್ನು ಮೊದಲ ವಾರವೇ ನೋಡುತ್ತೇವೆ, ಎರಡನೆಯ ವಾರಕ್ಕೆ ಅವು ಇರುತ್ತವೆಯೇ ಎಂದು ಹೇಳಲಾಗದು. ಆದ್ದರಿಂದ ಟಿಕೆಟ್ ವಿಷಯವಷ್ಟೇ ಹೇಳುತ್ತೇನೆ.

ಎಸ್‌ಬಿಐ ಕಾರ್ಡ್ ಎಲೀಟ್‌ನಲ್ಲಿ ವರ್ಷಕ್ಕೆ 6,000 ರೂಪಾಯಿಯ ಉಚಿತ ಟಿಕೆಟ್ ಎನ್ನುವುದು ದೊಡ್ಡ ಆಕರ್ಷಣೆ: ತಿಂಗಳಿಗೆ ಎರಡು, ಒಂದಕ್ಕೆ 250ರ ಮಿತಿ. ಆದರೆ ವಾರ್ಷಿಕ ಶುಲ್ಕ 4,999. ತೆರಿಗೆ ಸೇರಿ 5,899. ಟಿಕೆಟ್ ಕಾಯ್ದಿರಿಸುವ ಶುಲ್ಕ ನಿಮ್ಮದೇ. ಬೇರೆ ಸೌಲಭ್ಯಗಳನ್ನೂ ಬಳಸುವವರಿಗೆ ಸರಿ, ಬರೀ ಸಿನಿಮಾಕ್ಕೆಂದು ಕೊಳ್ಳಬೇಡಿ.

‘ಒಂದು ಕೊಂಡರೆ ಒಂದು ಉಚಿತ’ ಎನ್ನುವವು ಹೆಚ್ಚು ಉಪಯುಕ್ತ, ಆದರೆ ಮೂರು ಪೆಟ್ಟು ತಿಂದಿದ್ದೇನೆ. ನನ್ನ ಕಾರ್ಡಿನ ದಿನದ ಕೋಟಾ ಶುಕ್ರವಾರ ಬೆಳಿಗ್ಗೆಯೇ ಮುಗಿಯುತ್ತಿತ್ತು. ಆಮೇಲೆ, ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಎಂಬ ಷರತ್ತು ನಡುವೆ ಬಂತು. ಮೂರನೆಯದು ನಾಟಕದ್ದು. ರಂಗಶಂಕರದಲ್ಲಿ ನಾಟಕಕ್ಕೆ ಟಿಕೆಟ್ ಕೊಳ್ಳಲು ಹೋದಾಗ ‘ಸಿನಿಮಾಕ್ಕೆ ಮಾತ್ರ’ ಎಂದು ತೋರಿಸಿತು. ನಾಟಕದವರಿಗೆ ನಾನು ಪೂರ್ತಿ ಹಣ ಕೊಟ್ಟದ್ದಕ್ಕೆ ಬೇಸರವಿಲ್ಲ, ಕೊಡಬೇಕಾದದ್ದೇ. ಆದರೆ ‘ಮನರಂಜನೆ’ ಎಂಬ ದೊಡ್ಡ ಅಕ್ಷರ ನಂಬಿ ಕಾರ್ಡ್ ತೆಗೆದುಕೊಂಡವನು ನಾನು.

ಯಾವ ಆ್ಯಪಿನಲ್ಲಿ ರಿಯಾಯಿತಿ ಎಂಬುದೂ ಬದಲಾಗುತ್ತದೆ. 2024ರ ಆಗಸ್ಟ್‌ನಲ್ಲಿ ಪೇಟಿಎಂನ ಟಿಕೆಟ್ ವ್ಯವಹಾರವನ್ನು ಜೊಮ್ಯಾಟೊ 2,048 ಕೋಟಿಗೆ ಕೊಂಡು, ಡಿಸ್ಟ್ರಿಕ್ಟ್ ಎಂಬ ಹೊಸ ಆ್ಯಪ್ ತಂದಿತು. ಹಳೆಯ ಆ್ಯಪಿನ ಹೆಸರು ನೋಡಿ ಕಾರ್ಡ್ ಆರಿಸಿದವರು ಮತ್ತೆ ನಿಯಮ ಓದಬೇಕಾಯಿತು. ದರದ ಮೇಲೂ ಕಣ್ಣಿಡಿ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಗರಿಷ್ಠ ದರ ನಿಗದಿಮಾಡಿತು, ಹೈಕೋರ್ಟ್ ಅದೇ ತಿಂಗಳು ತಡೆ ಕೊಟ್ಟಿತು. 200ಕ್ಕೆ 18% ಸೇರಿದರೆ 236. 250ರ ಮಿತಿಯೊಳಗೆ ಕುಳಿತುಬಿಡುತ್ತದೆ. ವಾರಾಂತ್ಯದಲ್ಲಿ 450 ಆದರೆ ಉಚಿತ ಟಿಕೆಟ್ಟಿಗೂ 200 ಕೈಯಿಂದ ಹಾಕಬೇಕು. ನಾವು ಮಂಗಳವಾರ, ಬುಧವಾರ ಹೋಗುತ್ತೇವೆ.

ಹುಬ್ಬಳ್ಳಿಯಿಂದ

ದರ್ಶಿನಿಯ 2,500ರ ಬಗ್ಗೆ ಯಾರೂ ಹೇಳಲಿಲ್ಲ. 2022ರ ಸೆಪ್ಟೆಂಬರ್‌ನಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ವೀಸಾ, ಮಾಸ್ಟರ್‌ಕಾರ್ಡ್‌ಗೆ ಆ ಅನುಕೂಲವಿಲ್ಲ. ಕ್ಯುಆರ್ ಕೋಡ್ ವ್ಯಾಪಾರಿ ಖಾತೆಯದ್ದಾಗಿರಬೇಕು. ಮಾಲೀಕರ ಸ್ವಂತ ಖಾತೆಯದ್ದಾದರೆ ಹಣ ಹೋಗುವುದಿಲ್ಲ. ಹಲವು ಕಾರ್ಡುಗಳು ಯುಪಿಐ ಪಾವತಿಗೆ ಏನೂ ಕೊಡುವುದಿಲ್ಲ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ನಮ್ಮ ಬೀದಿಯ ಗಿರ್ಮಿಟ್ ಅಂಗಡಿಯವರಿಗೆ ನಾನು ನಗದೇ ಕೊಡುತ್ತೇನೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಿದ್ದರು. 30 ರೂಪಾಯಿಯ ಬಿಲ್ಲಿಗೆ 30 ಪೈಸೆ ಗಳಿಸಲು ಅವರೊಡನೆ ವಾದಕ್ಕೆ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಕೇಳಿದವರು, ಮತ್ತೆ

ಎಲ್ಲರಿಗೂ ಧನ್ಯವಾದ. ಇವತ್ತು ಕುಳಿತು ಹಳೆಯ ಬಿಲ್ಲುಗಳನ್ನು ಮತ್ತೆ ನೋಡಿದೆವು. 4,500ರಲ್ಲಿ ಸುಮಾರು 1,400 ರೂಪಾಯಿ ಒಂದು ಕ್ಲಬ್ಬಿನೊಳಗೆ ಖರ್ಚಾಗಿದೆ, ಅದು ಎಣಿಕೆಗೆ ಬಾರದು ಎಂದೇ ಹಿಡಿದಿದ್ದೇವೆ. ತರಿಸುವ ಊಟ ಎರಡೂ ಆ್ಯಪ್‌ಗಳಿಂದ ಬರುತ್ತದೆ, ಆದ್ದರಿಂದ ಒಂದು ಆ್ಯಪಿಗೆ ಕಟ್ಟುಬಿದ್ದ ಕಾರ್ಡ್ ಬೇಡ. ಊಟ, ತರಿಸಿದ್ದು, ದಿನಸಿ ಮೂರಕ್ಕೂ ಕೊಡುವ ಒಂದೇ ಕಾರ್ಡಿಗೆ ಅರ್ಜಿ ಹಾಕುತ್ತೇವೆ, ಅಂದಿನ ನಿಯಮಪಟ್ಟಿ ಓದಿಯೇ. ಸಿನಿಮಾಕ್ಕೆ ಬೇರೆ ಕಾರ್ಡ್ ಈಗ ಬೇಡ. ದರ್ಶಿನಿಗೆ ಇದ್ದದ್ದೇ ಇರಲಿ. ಒಂದು ಸಂಶಯ ಉಳಿದಿದೆ: ವರ್ಷದ ಬಳಿಕ ಬೇಡವೆನಿಸಿದರೆ ಬಿಡುತ್ತಾರೆಯೇ?

ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿದ್ದವರಿಂದ

ಬಿಡಲೇಬೇಕು. ಬಾಕಿ ಇಲ್ಲದಿದ್ದರೆ ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಫೋನಿನಲ್ಲಿ ಹೇಳಿ ಸುಮ್ಮನಾಗದೆ ಇ-ಮೇಲ್ ಕಳಿಸಿ, ದಿನಾಂಕ ದಾಖಲಾಗಿರಲಿ. ಅದಕ್ಕೂ ಮೊದಲು ಒಟಿಟಿ ಚಂದಾಗಳನ್ನು ಬೇರೆ ಕಾರ್ಡಿಗೆ ಬದಲಿಸಿಕೊಳ್ಳಿ. ಬಂದಿರುವ ಅಂಕಗಳನ್ನೂ ಮೊದಲೇ ಬಳಸಿಬಿಡಿ, ಕಾರ್ಡ್ ಮುಚ್ಚಿದ ಮೇಲೆ ನನ್ನ ಬಳಿ ಬಂದು ಕೇಳಿದವರಿಗೆ ಅವನ್ನು ಮರಳಿ ಕೊಡಿಸಲು ನನ್ನಿಂದ ಆಗುತ್ತಿರಲಿಲ್ಲ.