ಭಾವ, ಆ ಕಲ್ಲಿನ ಸೇತುವೆಯ ಊರಿನ ಬಗ್ಗೆ

ಭಾವ, ನಿನ್ನೆ ನನ್ನ ಫೋಟೋ ನೋಡಿ ಆ ಸೇತುವೆ ಯಾವ ಊರಿನದು, ಆಗಸ್ಟಿನಲ್ಲಿ ಬಂದಾಗ ಅಪ್ಪನನ್ನೂ ಕರ್ಕೊಂಡು ಒಂದೇ ದಿನದಲ್ಲಿ ಹೋಗಿ ಬರಬಹುದಾ ಅಂತ ಕೇಳಿದಿರಲ್ಲ. ಉತ್ತರ ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಊರು ರೇಗನ್ಸ್‌ಬುರ್ಗ್, ಜರ್ಮನಿಯ ಬವೇರಿಯಾ ರಾಜ್ಯದಲ್ಲಿದೆ. ಮ್ಯೂನಿಕ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಶುಕ್ರವಾರ ರಜೆ ಹಾಕಿ ನಾನು, ನಮ್ಮ ಟೀಮಿನ ಒಬ್ಬ ಹುಡುಗ ಹೋಗಿದ್ದೆವು, ಅವನು ಆ ಕಡೆಯವನೇ. ಬಯರ್ನ್ ಟಿಕೆಟ್ ಅಂತ ಒಂದಿದೆ, ಆ ರಾಜ್ಯದೊಳಗೆ ಒಂದು ದಿನ ಓಡಾಡೋ ಟಿಕೆಟ್. ಒಂದೇ ಟಿಕೆಟಿನಲ್ಲಿ ಐದು ಜನರವರೆಗೆ ಓಡಾಡಬಹುದು, ಐಸಿಇ, ಐಸಿ ತರಹದ ದೂರದ ಫಾಸ್ಟ್ ರೈಲುಗಳಿಗೆ ಮಾತ್ರ ನಡೆಯೋದಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ಮೇಲೇ ಹತ್ತಬೇಕು. ನಾನು ಅದು ಮರೆತು ಎಂಟಕ್ಕೇ ಸ್ಟೇಷನ್‌ಗೆ ಹೋಗಿ ಕಾಫಿ ಕುಡಿಯುತ್ತಾ ಕೂತಿದ್ದೆ, ನೀವು ಹಾಗೆ ಮಾಡಬೇಡಿ.

ಸೇತುವೆ ಕಟ್ಟಲು ಶುರು ಮಾಡಿದ್ದು 1135ರಲ್ಲಿ, ಮುಗಿದದ್ದು 1146ರಲ್ಲಿ. ಕೆಳಗೆ ಡ್ಯಾನ್ಯೂಬ್ ನದಿ, ಕಮಾನುಗಳ ನಡುವೆ ನೀರು ಸುರುಳಿ ಸುತ್ತುತ್ತಾ ಸದ್ದು ಮಾಡ್ಕೊಂಡು ಹೋಗುತ್ತೆ. ಈಗ ಕಾರು ಬಸ್ಸು ಯಾವುದನ್ನೂ ಬಿಡೋದಿಲ್ಲ, ಹಾಗಾಗಿ ಅಪ್ಪ ನಿಧಾನಕ್ಕೆ ನಡೀಬಹುದು. ನಡುವೆ ಸ್ವಲ್ಪ ಉಬ್ಬಿದೆ, ಅದಕ್ಕೊಂದು ಕಥೆ ಇದೆ. ಸೇತುವೆ ಕಟ್ಟುವವನೂ ಚರ್ಚ್ ಕಟ್ಟುವವನೂ ಯಾರು ಮೊದಲು ಮುಗಿಸ್ತಾರೆ ಅಂತ ಪಂಥ ಕಟ್ಟಿದರಂತೆ. ಸೇತುವೆಯವನು ದೆವ್ವದ ಸಹಾಯ ಕೇಳಿದ. ಮೊದಲು ದಾಟುವ ಮೂರು ಜೀವ ನನಗೆ ಅಂತು ದೆವ್ವ. ಇವನು ಒಂದು ಹುಂಜ, ಒಂದು ಕೋಳಿ, ಒಂದು ನಾಯಿಯನ್ನು ಓಡಿಸಿಬಿಟ್ಟ! ದೆವ್ವ ಸಿಟ್ಟಿಗೆದ್ದು ಕೆಳಗಿನಿಂದ ಗುದ್ದಿದ್ದಕ್ಕೆ ಈ ಉಬ್ಬು ಅಂತೆ. ಕಥೆ ಪೂರ್ತಿ ಹೇಳಿ ಮುಗಿಸಿ, ಈಗಿರುವ ಚರ್ಚಿನ ಕೆಲಸ ಶುರುವಾಗಿದ್ದೇ 1270ರ ದಶಕದಲ್ಲಿ, ಅಂದ್ರೆ ಸೇತುವೆ ಮುಗಿದು ನೂರು ವರ್ಷ ದಾಟಿದ ಮೇಲೆ ಅಂತ ಕಥೆ ಹೇಳಿದ ನಮ್ಮ ಟೀಮಿನ ಹುಡುಗನೇ ನಕ್ಕ. ಅದರ ಎರಡು ಗೋಪುರಗಳ ತುದಿ ಮುಗಿದದ್ದಂತೂ 1869ರಲ್ಲಿ.

ಚರ್ಚಿನ ಹಿಂದೆ ಒಂದು ಬಿಳಿ ಕಟ್ಟಡದ ಗೋಡೆಯಲ್ಲೇ ರೋಮನ್ನರ ಕೋಟೆ ಬಾಗಿಲು ಸೇರಿಕೊಂಡಿದೆ, ಕ್ರಿ.ಶ. 179ರದ್ದು. ಬೂದು ಬಣ್ಣದ ದೊಡ್ಡ ದೊಡ್ಡ ಕಲ್ಲು. ಟಿಕೆಟ್ಟಿಲ್ಲ, ಬೇಲಿಯಿಲ್ಲ, ಬೀದಿಯಲ್ಲಿ ನಿಂತು ನೋಡಬಹುದು, ನಾನಂತೂ ಮೊದಲು ಗಮನಿಸದೆ ದಾಟಿ ಹೋಗಿದ್ದೆ.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು ಕೆಪ್ಲರ್ ಮನೆ. ಗ್ರಹಗಳು ಸೂರ್ಯನ ಸುತ್ತ ಹೇಗೆ ಸುತ್ತುತ್ತವೆ ಅಂತ ಲೆಕ್ಕ ಹಾಕಿದ ಅದೇ ಕೆಪ್ಲರ್. 1630ರಲ್ಲಿ ಚಕ್ರವರ್ತಿ ಆ ಊರಿನಲ್ಲಿದ್ದಾನೆ, ನನಗೆ ಬರಬೇಕಾದ ಬಾಕಿ ದುಡ್ಡು ಕೇಳೋಣ ಅಂತ ಚಳಿಯಲ್ಲಿ ಅಷ್ಟು ದೂರದಿಂದ ಬಂದನಂತೆ. ಬಂದವನಿಗೆ ಜ್ವರ ಹಿಡಿಯಿತು, ನವೆಂಬರ್ 15ಕ್ಕೆ ಅಲ್ಲೇ ತೀರಿಕೊಂಡ, 58 ವರ್ಷ. ಆಮೇಲೆ ಯುದ್ಧದಲ್ಲಿ ಸ್ಮಶಾನವೂ ನಾಶವಾಗಿ ಸಮಾಧಿಯೂ ಉಳಿಯಲಿಲ್ಲ. ನನಗೆ ಆ ಹೊತ್ತಿನಲ್ಲಿ ನೆನಪಾಗಿದ್ದು ನಮ್ಮ ಅಪ್ಪ, ರಿಟೈರ್ ಆದ ಮೇಲೆ ಅರಿಯರ್ಸಿಗೆ ಫೈಲ್ ಹಿಡ್ಕೊಂಡು ಆಫೀಸ್ ಅಲೆದಿದ್ದು. ಅಪ್ಪಾ, ನೀವೂ ಗ್ರೂಪಿನಲ್ಲಿ ಇದ್ದೀರಿ ಅಂತ ಗೊತ್ತು, ಬೇಜಾರಾಗಬೇಡಿ, ನಿಮಗೆ ಕೊನೆಗೂ ಬಂತಲ್ವಾ.

ಊಟದ ವಿಷಯ. ಸೇತುವೆ ಪಕ್ಕದಲ್ಲೇ ಸಾಸೇಜ್ ಸುಡುವ ಹಳೇ ಪುಟ್ಟ ಹೋಟೆಲ್ ಇದೆ, ಗೋಡೆ ಮೇಲೆ ಯಾವ ವರ್ಷದ ನೆರೆಗೆ ನೀರು ಎಲ್ಲಿವರೆಗೆ ಬಂತು ಅಂತ ಗುರುತು ಹಾಕಿದ್ದಾರೆ. ನಮ್ಮ ಟೀಮಿನ ಹುಡುಗ ಅಲ್ಲಿ ಆರು ಸಾಸೇಜ್ ತಿಂದ. ನಾನು ಚಿತ್ರಾನ್ನದ ಡಬ್ಬಿ ಒಯ್ದಿದ್ದೆ, ಆಮೇಲೆ ನದಿ ದಂಡೆಯಲ್ಲಿ ಕೂತು ಬಿಚ್ಚಿದೆ. ಆರು ಸಾಸೇಜ್ ಆದ ಮೇಲೂ ಅರ್ಧ ಡಬ್ಬಿ ಅವನೇ ಖಾಲಿ ಮಾಡಿದ, ಕಡಲೆಬೀಜ ಹುಡುಕಿ ಹುಡುಕಿ ತಿಂದ!

ಅಪ್ಪನ ಮಂಡಿ ಬಗ್ಗೆ ಹೇಳೋದಾದರೆ, ಸ್ಟೇಷನ್‌ನಿಂದ ಹಳೇ ಊರಿಗೆ ಹದಿನೈದು ನಿಮಿಷದ ನಡಿಗೆ, ಬೀದಿಗಳಿಗೆ ಕಲ್ಲು ಹಾಸಿದ್ದಾರೆ, ಚಪ್ಪಲಿ ಬೇಡ, ಶೂ ಹಾಕಿಸಿ. ಎಲ್ಲಾ ಒಂದೇ ಕಡೆ ಇರೋದ್ರಿಂದ ಜಾಸ್ತಿ ಸುತ್ತಾಟ ಇಲ್ಲ. ಟಿಕೆಟ್ ನಾನೇ ತೆಗೆಸ್ತೇನೆ. ಅಕ್ಕನಿಗೆ ಹೇಳಿ, ಪುಳಿಯೋಗರೆ ಗೊಜ್ಜು ಒಂದು ಡಬ್ಬಿ ಜಾಸ್ತಿ ಇಡಲಿ, ಈ ಹುಡುಗನಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೇನೆ.